ಓರೆ ಹೊಲಿಗೆ

ಅಂದು ಬೆಳಿಗ್ಗೆ ಎದ್ದಾಗಿನಿಂದಲೇ ಅವಳಿಗೆ ತನ್ನ ಬಲಗೈಯ ಮೇಲೆ ಸಿಟ್ಟು ಬಂದಿತ್ತು. ಬೇರೆಯವರ ಮೇಲೆ ಸಿಟ್ಟು ಬಂದರೆ ಮಾತು ಬಿಡಬಹುದು, ಮುಖ ತಿರುಗಿಸಿಕೊಂಡು ಓಡಾಡಬಹುದು. ತನ್ನದೇ ಕೈಯ ಜೊತೆ ಮುನಿಸಿಕೊಂಡವರು ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿಲ್ಲ. ಹಲ್ಲುಜ್ಜಿದ್ದೂ ಅದೇ ಕೈ, ಒಲೆ ಹಚ್ಚಿದ್ದೂ ಅದೇ ಕೈ. ಗಂಡನ ಅಂಗಿಯ ಗುಂಡಿ ಕಿತ್ತುಬಂದಿದೆಯೆಂದು ಕಿಟಕಿಯ ಬೆಳಕಿಗೆ ಕುರ್ಚಿ ಎಳೆದುಕೊಂಡು ಸೂಜಿ ಹಿಡಿದಾಗ ಅದು ಮತ್ತೆ ತನ್ನ ಚಾಳಿ ತೋರಿಸಿತು. ನೇರ ಇಳಿಸಬೇಕು ಎಂದು ಮನಸ್ಸಿನಲ್ಲೇ ಹೇಳಿಕೊಂಡು ಸೂಜಿಯ ಮೊನೆಯನ್ನು ಬಟ್ಟೆಗೆ ಮುಟ್ಟಿಸಿದಳು. ಮೊನೆ ಒಳಗೆ ಹೋಗುವ ಗಳಿಗೆಯಲ್ಲಿ ಮಣಿಕಟ್ಟು ಇಷ್ಟೇ ಇಷ್ಟು ಒಳಕ್ಕೆ ಹೊರಳಿತು. ಪಕ್ಕದಲ್ಲಿ ಕೂತು ನೋಡಿದರೂ ಗೊತ್ತಾಗದಷ್ಟು. ಬಿಚ್ಚಿ ಇನ್ನೊಮ್ಮೆ ಹಾಕಿದಳು; ಇನ್ನೊಮ್ಮೆ ಹೊರಳಿತು. ಮೂರನೆಯ ಸಲ ಎಡಗೈಯಿಂದ ಬಲಗೈಯನ್ನು ಹಿಡಿದುಕೊಳ್ಳಲು ಹೋದಳು, ಗುಂಡಿ ಕೆಳಗೆ ಬಿದ್ದು ಉರುಳಿಕೊಂಡು ಮಂಚದಡಿ ಸೇರಿತು.

ಗಂಡ ಮಂಚದ ಅಂಚಿನಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ. ಅವನು ಏಳುವುದು ಕಂತು ಕಂತಾಗಿ: ಮೊದಲು ಮಗ್ಗುಲಾಗುವುದು, ಆಮೇಲೆ ಕೂರುವುದು, ಕೂತು ಇಪ್ಪತ್ತು ಎಣಿಸುವುದು, ಆಮೇಲೆ ನಿಲ್ಲುವುದು. ಒಮ್ಮೆಲೇ ಎದ್ದರೆ ತಲೆ ಸಿಡಿಯುತ್ತದೆ. ಐದು ವರ್ಷದಿಂದ ಹೀಗೇ. ಮೊದಲು ಲಿಫ್ಟುಗಳ ರಿಪೇರಿಗೆ ಹೋಗಿ ಕಟ್ಟಡಗಳ ನೆತ್ತಿಯ ಮೇಲೆಲ್ಲ ಓಡಾಡುತ್ತಿದ್ದವನು ಈಗ ಅದೇ ಕಂಪನಿಯ ಫೋನಿನ ಮುಂದೆ ಕೂತು, ಯಾವ ಕಟ್ಟಡದ ಲಿಫ್ಟು ಎಲ್ಲಿ ಸಿಕ್ಕಿಕೊಂಡಿದೆ ಎಂದು ಬರೆದುಕೊಳ್ಳುತ್ತಾನೆ.

"ಒಂದು ಗುಂಡಿಗೆ ಇಷ್ಟೊತ್ತಾ? ನನ್ನ ತಲೆಯನ್ನೇ ಇದಕ್ಕಿಂತ ಬೇಗ ಹೊಲಿದಿದ್ರು," ಎಂದ.

"ಹೊಲಿದ ಚಂದ ಗೊತ್ತಿದೆ. ಸುಮ್ನೆ ಕೂತ್ಕೊಳ್ಳಿ," ಎಂದಳು. ಅಂದ ಮೇಲೆ ಆ ಮಾತು ಅವಳಿಗೇ ತಿರುಗಿ ಚುಚ್ಚಿತು.

"ಇವತ್ತೇನು, ಯಾರೋ ದೊಡ್ಡ ಡಾಕ್ಟರು ಬರ್ತಾರೆ ಅಂದಿದ್ದೆಯಲ್ಲ? ಅದಕ್ಕೇ ಕೈ ನಡುಗ್ತಿದೆ ನಿನಗೆ."

"ನಡುಗ್ತಾ ಇಲ್ಲ," ಎಂದಳು. ಅದು ನಿಜವಾಗಿತ್ತು. ನಡುಗಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದುಕೊಂಡು ಮಂಚದಡಿ ಬಗ್ಗಿ ಗುಂಡಿ ಹುಡುಕಿದಳು.

ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕಿತು. ಮುಂದೆ ಸಾಲಾಗಿ ಜನರ ತಲೆಗಳ ಹಿಂಭಾಗ. ಈ ಕೆಲಸಕ್ಕೆ ಸೇರಿದ ಮೇಲೆ ಅವಳಿಗೆ ಇದೊಂದು ರೋಗವೇ ಆಗಿತ್ತು: ಯಾರನ್ನು ಕಂಡರೂ ಮೊದಲು ತಲೆಯ ಹಿಂಭಾಗ ನೋಡುವುದು, ಅಲ್ಲಿ ಕೂದಲು ಸೀಳಿದೆಯೇ, ಗೆರೆಯಿದೆಯೇ ಎಂದು ಹುಡುಕುವುದು. ಗಂಡನದು ಕತ್ತಿನ ಮೇಲಿಂದ ನೆತ್ತಿಯ ಕಡೆಗೆ ಒಂದು ಗೇಣು ಉದ್ದದ ಗೆರೆ. ಗಡ್ಡೆ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು, ಕೆಟ್ಟದ್ದೂ ಅಲ್ಲ, ತೆಗೆದದ್ದೂ ಸಲೀಸಾಗಿ ಆಗಿತ್ತು. ನಾಲ್ಕನೆಯ ದಿನ ದಿಂಬು ಒದ್ದೆಯಾಗಿತ್ತು. ನರ್ಸು ಬೆವರು ಎಂದಳು, ದಿಂಬಿನ ಬಟ್ಟೆ ಬದಲಿಸಿದಳು. ಅದೂ ಒದ್ದೆಯಾಯಿತು. ಬಣ್ಣವಿಲ್ಲ, ವಾಸನೆಯಿಲ್ಲ, ಲೋಟದಲ್ಲಿ ಹಿಡಿದರೆ ಕುಡಿಯುವ ನೀರಿನ ಹಾಗೆ ತಿಳಿ. ಮಿದುಳಿನ ಸುತ್ತ ಇರುವ ನೀರು ಹೊಲಿಗೆಯ ಸಂದಿಯಿಂದ ಸೋರುತ್ತಿದೆ ಎಂದು ಹೇಳಿದ್ದು ಒಬ್ಬ ಚಿಕ್ಕ ಪ್ರಾಯದ ಡಾಕ್ಟರು. ತೆಳ್ಳಗಿದ್ದರು, ದಿನವಿಡೀ ಟೋಪಿ ಹಾಕಿ ಹಾಕಿ ಕೂದಲು ನೆತ್ತಿಗೆ ಅಂಟಿಕೊಂಡಿತ್ತು. ಆಮೇಲೆ ಜ್ವರ, ಬೆನ್ನಿಗೆ ಕೊಳವೆ, ಎರಡನೆಯ ಆಪರೇಷನ್, ಒಟ್ಟು ನಲವತ್ತೊಂದು ದಿನ. ಎರಡನೆಯ ಸಲ ಗಂಡನನ್ನು ಒಳಗೆ ಕರೆದುಕೊಂಡು ಹೋಗುವ ಮುಂಚೆ, ಓಣಿಯ ಹಾಗಿದ್ದ ಆ ಉದ್ದನೆಯ ವರಾಂಡದಲ್ಲಿ, ಹತ್ತಾರು ಜನ ಬೆಂಚಿನ ಮೇಲೆ ಕೂತು ನೋಡುತ್ತಿರುವಾಗ ಅವಳು ಆ ಡಾಕ್ಟರ ಮುಂದೆ ನಿಂತು ಕೂಗಾಡಿದ್ದಳು. "ಅಂಗಿ ಹೊಲಿಯೋಕೂ ಲಾಯಕ್ಕಿಲ್ಲದ ಕೈ ನಿಮ್ಮದು. ಯಾರ್ರೀ ನಿಮಗೆ ಸೂಜಿ ಕೊಟ್ಟವರು?" ಅವರು ಬಗ್ಗಿ ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. ಹಾಗೆ ನೋಡಿಕೊಂಡದ್ದು ನಾಟಕವಾಗಿರಲಿಲ್ಲ. ಅವರು ಆ ಮಾತನ್ನು ನಂಬಿದ್ದರು. ಎರಡು ವರ್ಷದ ಮೇಲೆ ಗಂಡನನ್ನು ತೋರಿಸಲು ಹೋದಾಗ, ಆ ಡಾಕ್ಟರು ಎಲ್ಲಿ ಎಂದು ಸುಮ್ಮನೆ ವಿಚಾರಿಸಿದಳು. "ಅವರು ಆಪರೇಷನ್ ಬಿಟ್ಬಿಟ್ರಲ್ಲ. ಈಗ ಸ್ಕ್ಯಾನಿನ ಚಿತ್ರ ನೋಡೋ ಕಡೆ ಇದ್ದಾರೆ," ಎಂದಳು ನರ್ಸು. ಯಾಕೆ ಬಿಟ್ಟರು ಎಂದು ಕೇಳುವ ಧೈರ್ಯ ಅವಳಿಗೆ ಬರಲಿಲ್ಲ. ನೂರು ಕಾರಣ ಇದ್ದಾವು. ಬಸ್ಸು ಬ್ರೇಕು ಹಾಕಿತು, ಮುಂದಿನ ತಲೆಗಳೆಲ್ಲ ಒಟ್ಟಿಗೆ ಮುಗ್ಗರಿಸಿ ಮತ್ತೆ ನೆಟ್ಟಗಾದವು.

ಅವಳ ಕೆಲಸ ಮೂರನೆಯ ಅಂತಸ್ತಿನ ಪ್ರಯೋಗಾಲಯದಲ್ಲಿ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಿಳಿಯ ರಬ್ಬರ್ ಚಪ್ಪಲಿ ಮೆಟ್ಟಿಕೊಳ್ಳಬೇಕು, ಕೂದಲಿಗೆ ಟೋಪಿ ಹಾಕಬೇಕು, ಮೊಣಕೈವರೆಗೆ ಕೈ ತೊಳೆಯಬೇಕು. ಅಲ್ಲಿ ನಡೆಯುವ ಪರೀಕ್ಷೆ ಹೇಳುವುದಕ್ಕೆ ಸರಳ. ತಲೆಬುರುಡೆಯ ಒಳಗೆ, ಮಿದುಳಿನ ಮೇಲೆ, ದಪ್ಪ ಕಾಗದದಂಥ ಒಂದು ಪೊರೆ ಇರುತ್ತದೆ. ಆಪರೇಷನ್ ಮಾಡುವವರು ಅದನ್ನು ಕತ್ತರಿಸದೆ ಒಳಗೆ ಹೋಗುವಂತಿಲ್ಲ, ಮುಚ್ಚದೆ ಹೊರಗೆ ಬರುವಂತಿಲ್ಲ. ಕೆಲವು ಸಲ ಮುಚ್ಚಲು ಪೊರೆ ಸಾಲುವುದಿಲ್ಲ, ತೇಪೆ ಬೇಕಾಗುತ್ತದೆ. ಆ ತೇಪೆಯ ಹಾಳೆಯನ್ನು ಕೆಳಗಿನ ಅಂತಸ್ತಿನವರು ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳಿಂದ ತಯಾರಿಸುತ್ತಿದ್ದರು. ಮೇಲಿನವರು ಅದು ಸೋರುತ್ತದೆಯೇ ಎಂದು ನೋಡುತ್ತಿದ್ದರು. ನಿಜವಾದ ಪೊರೆಯ ಬದಲಿಗೆ ಒಂದು ರಬ್ಬರ್ ಹಾಳೆ, ಅದರ ನಡುವೆ ನಾಣ್ಯದಗಲದ ತೂತು, ತೂತಿಗೆ ತೇಪೆ, ತೇಪೆಯ ಸುತ್ತ ಹದಿನಾರು ಹೊಲಿಗೆ. ಅದನ್ನು ಲೋಹದ ಬಟ್ಟಲಿನ ಬಾಯಿಗೆ ಬಿಗಿದು, ಕೆಳಗಿನಿಂದ ನೀಲಿ ಬಣ್ಣ ಬೆರೆಸಿದ ಉಪ್ಪುನೀರನ್ನು ಏರಿಸುತ್ತ ಹೋಗುವುದು. ಪಕ್ಕದ ಗಾಜಿನ ಕೊಳವೆಯಲ್ಲಿ ನೀರು ಎಷ್ಟು ಸೆಂಟಿಮೀಟರ್ ಏರಿದಾಗ ಹೊಲಿಗೆಯ ಮೇಲೆ ಮೊದಲ ನೀಲಿ ಹನಿ ಕಾಣುತ್ತದೋ ಅದೇ ಅಂಕ. ನಲವತ್ತು ದಾಟಿದರೆ ಪಾಸು. ಸುಮ್ಮನೆ ಮಲಗಿದ ಮನುಷ್ಯನ ತಲೆಯೊಳಗೆ ಅದರ ಅರ್ಧದಷ್ಟೂ ಒತ್ತಡವಿರುವುದಿಲ್ಲ. ಆದರೆ ಮನುಷ್ಯ ಸುಮ್ಮನೆ ಮಲಗಿಯೇ ಇರುವ ಪ್ರಾಣಿಯಲ್ಲವಲ್ಲ. ಕೆಮ್ಮುತ್ತಾನೆ, ಸೀನುತ್ತಾನೆ, ಪಾಯಿಖಾನೆಯಲ್ಲಿ ತಿಣುಕುತ್ತಾನೆ.

ಎರಡು ವರ್ಷದಲ್ಲಿ ಇನ್ನೂರ ಹನ್ನೆರಡು ತೇಪೆ. ಒಂದೂ ನಲವತ್ತರ ಕೆಳಗೆ ಸೋರಿರಲಿಲ್ಲ. ಇನ್ನೂರ ಹನ್ನೆರಡನ್ನೂ ಹೊಲಿದದ್ದು ಅವಳೇ. ಅದಕ್ಕೆ ಮೊದಲು ಅವಳು ಕೆಳಗೆ ಪ್ಯಾಕಿಂಗ್ ವಿಭಾಗದಲ್ಲಿದ್ದಳು. ಒಂದು ದಿನ ಚೀಲದ ಹರಿದ ಬಾಯನ್ನು ಅವಳು ಹೊಲಿಯುತ್ತಿದ್ದುದನ್ನು ಪ್ರಯೋಗಾಲಯದ ಮುಖ್ಯಸ್ಥರು ನಿಂತು ನೋಡಿ, ಈ ಕೈ ಇರಬೇಕಾದದ್ದು ಇಲ್ಲಲ್ಲ ಎಂದು ಮೇಲಕ್ಕೆ ಕರೆಸಿಕೊಂಡಿದ್ದರು. ಆವತ್ತಿನಿಂದ ಅವಳು ಎಲ್ಲರ ಬಾಯಲ್ಲಿ ಸೂಜಿಯಕ್ಕ. ವಯಸ್ಸಿನಲ್ಲಿ ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಮುಖ್ಯಸ್ಥರೂ ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಯಾರೇ ಹೊರಗಿನವರು ಬಂದರೂ ಅವಳ ಬೆಂಚಿನ ಹತ್ತಿರ ಕರೆತಂದು, "ನಮ್ಮ ಸೂಜಿಯಕ್ಕ ಇಲ್ದಿದ್ರೆ ಈ ಹಾಳೆಯೇ ಇಲ್ಲ ನೋಡಿ," ಎನ್ನುತ್ತಿದ್ದರು. ಕೇಳಿದಾಗಲೆಲ್ಲ ಅವಳು ಒಳಗೊಳಗೇ ಉಬ್ಬುತ್ತಿದ್ದಳು. ಉಬ್ಬಿದ್ದನ್ನು ಮುಚ್ಚಲು ತಲೆ ಬಗ್ಗಿಸಿ ಇಕ್ಕಳ ಒರೆಸುತ್ತಿದ್ದಳು. ಆ ಮಾತು ಅಕ್ಷರಶಃ ನಿಜವೆಂದು ಮೂರು ವಾರದ ಹಿಂದಿನವರೆಗೆ ಅವಳಿಗೆ ಗೊತ್ತಿರಲಿಲ್ಲ.

ಮೂರು ವಾರದ ಹಿಂದೆ ಕುಕ್ಕರಿನ ಮುಚ್ಚಳ ತಗುಲಿ ಹೆಬ್ಬೆರಳು ಸುಟ್ಟು ಬೊಕ್ಕೆ ಬಂದಿತ್ತು. ಎರಡು ದಿನ ಹೊಸಬಳು ಹೊಲಿದಳು. ಹೊಸಬಳು ಎಂದರೆ ಪಕ್ಕದ ಬೆಂಚಿನಲ್ಲಿ ಕೂತು ಅಂಕ ಬರೆಯುವವಳು. ಮೂವತ್ತು ದಾಟಿದ, ಒಂದು ಮಗುವಿನ ತಾಯಿ, ನಾಲ್ಕು ತಿಂಗಳ ಹಿಂದೆ ಕಾಲೇಜಿನ ಪಾಠ ಬಿಟ್ಟು ಇಲ್ಲಿಗೆ ಬಂದವಳು. ಆರು ತೇಪೆ ಹೊಲಿದಳು. ಆರೂ ಇಪ್ಪತ್ತು, ಇಪ್ಪತ್ತೈದರೊಳಗೆ ಸೋರಿದವು. ಈ ಪ್ರಯೋಗಾಲಯದಲ್ಲಿ ಮೊದಲಿನಿಂದ ಒಂದು ಪದ್ಧತಿಯಿತ್ತು: ಹೊಸಬರು ಹೊಲಿದ ಮೊದಲ ತೇಪೆಗಳನ್ನು ಎಣಿಕೆಗೆ ಹಿಡಿಯುವುದಿಲ್ಲ, ಅಂಕದ ಎದುರು 'ಕಲಿಕೆಯ ಕೈ' ಎಂದು ಬರೆದು ಕೆಂಪು ಗೆರೆ ಎಳೆಯುತ್ತಾರೆ. ಮುಖ್ಯಸ್ಥರು ಆರಕ್ಕೂ ಗೆರೆ ಎಳೆದರು. "ಪರವಾಗಿಲ್ಲಮ್ಮ, ಸೂಜಿಯಕ್ಕನ ಕೈ ಎಲ್ಲರಿಗೂ ಬರುತ್ತಾ?" ಎಂದು ಸಮಾಧಾನ ಹೇಳಿದರು. ತನ್ನ ಕೈಯ ಹೊಗಳಿಕೆ ಕೇಳಿ ಅವಳಿಗೆ ಆಗ ಖುಷಿಯಾಗಿತ್ತು. ಇದನ್ನು ಆಮೇಲೆ ಎಷ್ಟೇ ತಿಕ್ಕಿದರೂ ಅಳಿಸಲಾಗಲಿಲ್ಲ: ಹೊಸಬಳ ಮುಖ ಸಪ್ಪೆಯಾದದ್ದನ್ನು ನೋಡುತ್ತಲೇ ಅವಳಿಗೆ ಖುಷಿಯಾಗಿತ್ತು. ಆ ಖುಷಿಯಲ್ಲೇ ಪಾಪ ಎನಿಸಿ, ಇವಳ ಕೈ ಎಲ್ಲಿ ತಪ್ಪುತ್ತಿದೆ ನೋಡಿ ಹೇಳಿಕೊಡೋಣವೆಂದು ಆರು ತೇಪೆಗಳನ್ನೂ ಭೂತಗನ್ನಡಿಯ ಕೆಳಗೆ ಇಟ್ಟಳು. ಹೊಸಬಳ ಸೂಜಿ ಎಲ್ಲ ಕಡೆಯೂ ನೇರ ಇಳಿದಿತ್ತು. ಗೋಡೆಗೆ ಅಂಟಿಸಿದ ವಿಧಾನದ ಹಾಳೆಯಲ್ಲಿ ಸೂಜಿ ನೇರವಾಗಿ ಇಳಿಯಬೇಕು ಎಂದೇ ಇತ್ತು, ಚಿತ್ರವೂ ಇತ್ತು. ಆಮೇಲೆ ತನ್ನದೊಂದು ತೇಪೆಯನ್ನು ಇಟ್ಟು ನೋಡಿದಳು. ತೂತುಗಳೆಲ್ಲ ಓರೆ. ಪ್ರತಿ ತೂತಿನ ಒಂದು ತುಟಿ ಇನ್ನೊಂದು ತುಟಿಯ ಮೇಲೆ ಮಗುಚಿಕೊಂಡು, ಮೇಲಿಂದ ದಾರ ಅದನ್ನು ಒತ್ತಿ ಹಿಡಿದಿತ್ತು. ತಪ್ಪಿದ್ದು ಹೊಸಬಳ ಕೈಯಲ್ಲ.

ಅಪ್ಪ ಕೊಡೆ ರಿಪೇರಿ ಮಾಡುತ್ತಿದ್ದ. ರಸ್ತೆಯ ತಿರುವಿನಲ್ಲಿ, ಔಷಧಿ ಅಂಗಡಿಯ ಮೆಟ್ಟಿಲ ಪಕ್ಕ, ಗೋಣಿ ಹಾಸಿಕೊಂಡು. ಶಾಲೆ ಬಿಟ್ಟ ಮೇಲೆ ಅವಳೂ ಹೋಗಿ ಕೂರುತ್ತಿದ್ದಳು. ಕಡ್ಡಿ ಕೂರಿಸುವುದು ಅವನ ಕೆಲಸ, ಬಟ್ಟೆ ಹೊಲಿಯುವುದು ಅವಳದು. "ಕೊಡೆಗೆ ಸೂಜಿ ಹಾಕೋದು ಅಂದ್ರೆ ಮಳೆಗೆ ಬಾಗಿಲು ತೆಗೆದ ಹಾಗೆ ಕಣೇ. ಓರೆಯಾಗಿ ತೆಗಿ, ತಾನೇ ಮುಚ್ಕೊಳ್ಳುತ್ತೆ," ಎನ್ನುತ್ತಿದ್ದ. ನೇರ ಹಾಕಿದರೆ ಕೊಡೆಯ ಕಡ್ಡಿಯಿಂದ ಮಣಿಕಟ್ಟಿಗೆ ಒಂದು ಬಿಡುತ್ತಿದ್ದ, ನೋವಾಗದ ಹಾಗೆ, ಆದರೆ ಮರೆಯದ ಹಾಗೆ. ಹೊಲಿದ ಕೊಡೆಯನ್ನು ತಲೆಕೆಳಗು ಹಿಡಿದು ಒಂದು ಚೊಂಬು ನೀರು ಸುರಿದು, ಕೆಳಗೆ ಅಂಗೈ ಚಾಚಿ, ಅಂಗೈ ಒಣಗಿದ್ದರೆ ಮಾತ್ರ ಗಿರಾಕಿಗೆ ಕೊಡುತ್ತಿದ್ದ. ಹನ್ನೆರಡನೆಯ ವಯಸ್ಸಿಗೆ ಅವಳ ಮಣಿಕಟ್ಟಿಗೆ ಎಲ್ಲ ಬಂದುಬಿಟ್ಟಿತ್ತು. ಬಂದ ಮೇಲೆ ಅವಳು ಅದನ್ನು ಮರೆತೇಬಿಟ್ಟಳು. ಅಂದರೆ ಎರಡು ವರ್ಷ ಈ ಮೂರನೆಯ ಅಂತಸ್ತಿನಲ್ಲಿ ಪರೀಕ್ಷೆಯಾದದ್ದು ಹಾಳೆಯಲ್ಲ, ಅಪ್ಪನ ಕೊಡೆ ಹೊಲಿಗೆ. ಹಾಳೆ ನಾಳೆ ಆಸ್ಪತ್ರೆಗೆ ಹೋಗುತ್ತದೆ, ಆದರೆ ಅಪ್ಪ ಹೋಗುವುದಿಲ್ಲ. ಅಲ್ಲಿ ಡಾಕ್ಟರುಗಳು ಆರೇಳು ಗಂಟೆ ನಿಂತು, ಕತ್ತು ಸೋತು, ಆಳದ ಇಕ್ಕಟ್ಟಿನಲ್ಲಿ, ಕಲಿಸಿದ ಹಾಗೆ ನೇರ ಸೂಜಿ ಹಾಕುತ್ತಾರೆ. ನಾಲ್ಕನೆಯ ದಿನ ದಿಂಬು ಒದ್ದೆಯಾಗುತ್ತದೆ. ಯಾರದೋ ಹೆಂಡತಿ ವರಾಂಡದಲ್ಲಿ ಕೂಗಾಡುತ್ತಾಳೆ.

ಹೇಳಬೇಕೆಂದು ಎರಡು ಸಲ ಮುಖ್ಯಸ್ಥರ ಕೋಣೆಯವರೆಗೆ ಹೋಗಿದ್ದಳು. ಒಂದು ಸಲ ಅವರು ಫೋನಿನಲ್ಲಿದ್ದರು. ಆಮೇಲೆ ಬನ್ನಿ ಎಂದು ಕೈಸನ್ನೆ ಮಾಡಿದರು, ಅವಳಿಗೂ ಅದೇ ಬೇಕಿತ್ತು. ಇನ್ನೊಂದು ಸಲ ಅವರೇ ಎದ್ದು ಬಂದು, "ಒಳ್ಳೆ ಹೊತ್ತಿಗೆ ಬಂದ್ರಿ ಸೂಜಿಯಕ್ಕ. ಇನ್ನೊಂದು ರುಜು ಬಿದ್ರೆ ಹಾಳೆ ಮೊದಲ ನಲವತ್ತು ರೋಗಿಗಳಿಗೆ ಹೋಗುತ್ತೆ. ಎರಡು ವರ್ಷದ ಶ್ರಮ," ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಅಂಥ ಕಣ್ಣಿನ ಮುಂದೆ ಹೇಳಲು ಬಾಯಿ ಬರಲಿಲ್ಲ, ಇಕ್ಕಳ ಸಡಿಲವಾಗಿದೆ, ಹೊಸದು ಬೇಕು ಎಂದು ಕೇಳಿ ಬಂದಳು. ಹೊಸ ಇಕ್ಕಳ ಮಾರನೆಯ ದಿನವೇ ಬಂತು. ಹೇಳಿದರೆ ತಾನು ಮತ್ತೆ ಪ್ಯಾಕಿಂಗಿಗೆ ಹೋಗಬೇಕಾದೀತು ಎಂಬ ಹೆದರಿಕೆಯಿತ್ತು ಎಂದು ಅವಳು ತನಗೆ ತಾನೇ ಒಪ್ಪಿಕೊಂಡಿದ್ದಳು. ಆದರೆ ಅದಕ್ಕಿಂತ ಕೆಳಗೆ ಇನ್ನೊಂದಿತ್ತು, ಅದನ್ನು ಒಪ್ಪಿಕೊಳ್ಳುವುದು ಕಷ್ಟ. ಜೀವಮಾನದಲ್ಲಿ ಜನ ಅವಳನ್ನು ಹೊಗಳಿದ್ದು ಒಂದೇ ಒಂದು ವಿಷಯಕ್ಕೆ. ಅದೇ ತಪ್ಪು ಎಂದು ತಾನೇ ಎದ್ದು ನಿಂತು ಹೇಳಬೇಕಿತ್ತು. ಈ ನಡುವೆ ಹೊಸಬಳು ಊಟದ ಬಿಡುವಿನಲ್ಲಿ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿಟ್ಟು, ಹಳೆಯ ಕೈಗವಸಿನ ಚೂರುಗಳ ಮೇಲೆ ಹೊಲಿದು ಹೊಲಿದು ಅಭ್ಯಾಸ ಮಾಡುತ್ತಿದ್ದಳು. "ಅಕ್ಕ, ನನ್ನ ಕೈ ಎಲ್ಲಿ ತಪ್ತಿದೆ, ನೀವಾದ್ರೂ ಹೇಳಿ," ಎಂದು ಎರಡು ಮೂರು ಸಲ ಕೇಳಿದ್ದಳು. "ಬರುತ್ತೆ ಬಿಡಮ್ಮ, ಒಂದೇ ದಿನಕ್ಕೆ ಬರಲ್ಲ," ಎಂದಿದ್ದಳು ಅವಳು.

ಹನ್ನೊಂದು ಗಂಟೆಗೆ ಡಾಕ್ಟರಮ್ಮ ಬಂದರು. ರುಜು ಹಾಕಬೇಕಾದವರು ಅವರೇ. ಐವತ್ತೈದು ದಾಟಿದ್ದ, ದಪ್ಪನೆಯ, ನಗುಮುಖದ ಹೆಂಗಸು. ಮೆಟ್ಟಿಲು ಹತ್ತಿದ್ದಕ್ಕೆ ಏದುಸಿರು ಬಿಡುತ್ತಿದ್ದರು. "ಲಿಫ್ಟ್ ಇಲ್ವಾ ನಿಮ್ಮಲ್ಲಿ? ಮಿದುಳು ರಿಪೇರಿಗೆ ಬಂದವಳ ಮೊಣಕಾಲು ಹೋಯ್ತು," ಎಂದು ನಕ್ಕರು. ಮುಖ್ಯಸ್ಥರು ಅವಳನ್ನು ಪರಿಚಯಿಸಿದರು. ಪರಿಚಯದ ಜೊತೆಗೆ ಗಂಡನ ಕಥೆಯನ್ನೂ ಹೇಳಿದರು: ದಿಂಬು, ಜ್ವರ, ನಲವತ್ತೊಂದು ದಿನ, ಇಪ್ಪತ್ತು ಎಣಿಸಿ ಏಳುವುದು. ಪ್ರತಿ ಸಲವೂ ಹೇಳುತ್ತಿದ್ದರು, ಒಳ್ಳೆಯ ಮನಸ್ಸಿನಿಂದಲೇ. ಪ್ರತಿ ಸಲವೂ ಅವಳಿಗೆ ಗಂಡನನ್ನು ಯಾರೋ ಬನಿಯನಿನಲ್ಲಿ ತಂದು ಪರರ ಮುಂದೆ ನಿಲ್ಲಿಸಿದ ಹಾಗಾಗುತ್ತಿತ್ತು. "ಅದಕ್ಕೇ ಇವರ ಕೈಯಲ್ಲಿ ಇಷ್ಟು ಶ್ರದ್ಧೆ," ಎಂದು ಅವರು ಮಾತು ಮುಗಿಸಿದರು. ಡಾಕ್ಟರಮ್ಮ ನಗುವುದನ್ನು ನಿಲ್ಲಿಸಿ ಅವಳ ಕಡೆ ನೋಡಿ, "ಯಾರು ಮಾಡಿದ್ದು ಆಪರೇಷನ್ನು?" ಎಂದು ಕೇಳಿದರು. ಅವಳು ಹೆಸರು ಮರೆತುಹೋಗಿದೆ ಎಂದಳು. ಮರೆತಿರಲಿಲ್ಲ.

ಮೊದಲು ಅವಳು ಹೊಲಿದು ತೋರಿಸಿದಳು. ಬಾಗಿದ ಸೂಜಿ, ಇಕ್ಕಳ, ಕೂದಲಿನಷ್ಟು ದಾರ. ಡಾಕ್ಟರಮ್ಮ ಪಕ್ಕದಲ್ಲಿ ಬಗ್ಗಿ ನಿಂತು ಉಸಿರು ಹಿಡಿದು ನೋಡಿದರು. ಎಲ್ಲಾದರೂ ಇವರ ಕಣ್ಣಿಗೆ ಬಿದ್ದೀತು, ಓರೆ ಹೋಗ್ತಿದೆಯಲ್ಲ ಎಂದಾರು, ಅಂದರೆ ತನ್ನ ಬಾಯಿಂದ ಹೇಳುವ ಕಷ್ಟ ತಪ್ಪೀತು ಎಂದು ಅವಳು ಹದಿನಾರು ಹೊಲಿಗೆಯೂ ಕಾದಳು. "ಏನು ಚಂದದ ಕೈ!" ಎಂದರು ಅಷ್ಟೇ. ತೇಪೆ ಬಟ್ಟಲಿಗೆ ಏರಿತು. ನೀಲಿ ನೀರು ಮೂವತ್ತು, ನಲವತ್ತು, ಐವತ್ತು. ಐವತ್ತೆರಡಕ್ಕೆ ಒಂದು ಹನಿ ಕಂಡಿತು. ಮುಖ್ಯಸ್ಥರು ಮದುವೆ ಮನೆಯ ಯಜಮಾನನ ಹಾಗೆ ಎಲ್ಲರ ಮುಖ ನೋಡಿ ನಕ್ಕರು, ರುಜುವಿನ ಕಾಗದಗಳನ್ನು ಮೇಜಿನ ಮೇಲೆ ಹರಡಿದರು.

"ತಾಳಿ, ನಾನೂ ಒಂದು ಹೊಲೀತೀನಿ," ಎಂದರು ಡಾಕ್ಟರಮ್ಮ. "ಮೂವತ್ತು ವರ್ಷದಿಂದ ಇದೇ ಹೊಟ್ಟೆಪಾಡು. ನೋಡೋಣ ನಿಮ್ಮ ಹಾಳೆ ನನ್ನ ಕೈಗೆ ಹೇಗೆ ಹತ್ತುತ್ತೆ."

ಕೂತು ಹೊಲಿದರು. ವೇಗವಾಗಿ, ನಿರಾಯಾಸವಾಗಿ, ಎಲ್ಲಿಯೂ ಒಂದು ಎಳೆ ಜಾಸ್ತಿಯಿಲ್ಲ, ಒಂದು ಗಂಟು ಸಡಿಲವಿಲ್ಲ. ಅವಳು ಅಂಥ ಕೈಯನ್ನು ಅದುವರೆಗೆ ನೋಡಿರಲಿಲ್ಲ. ಹೊಸಬಳು ನೀರು ಏರಿಸಿದಳು. ಇಪ್ಪತ್ತಮೂರಕ್ಕೆ ಒಂದು ಹನಿ, ಅದರ ಪಕ್ಕದಲ್ಲಿ ಇನ್ನೊಂದು. ಇಪ್ಪತ್ತಾರಕ್ಕೆ ತೇಪೆಯ ಸುತ್ತ ಅರ್ಧ ಬಳೆಯಷ್ಟು ನೀಲಿ ಕೂತಿತು. ಆಮೇಲೆ ಡಾಕ್ಟರಮ್ಮನೇ ನಕ್ಕರು. "ಬಿಡಿ, ನನ್ನ ಕೈಗೆ ವಯಸ್ಸಾಯ್ತು ಅಂತ ಕಾಣುತ್ತೆ." ಮುಖ್ಯಸ್ಥರಿಗೆ ಹೋದ ಜೀವ ಬಂದ ಹಾಗಾಯಿತು. "ಅಯ್ಯೋ, ಹೊಸ ಹಾಳೆ ಅಲ್ವಾ, ಮೊದಲ ಸಲ ಯಾರಿಗಾದ್ರೂ ಹೀಗೇ. ನಮ್ಮಲ್ಲಿ ಇದಕ್ಕೆ ಒಂದು ಪದ್ಧತಿಯೇ ಇದೆ," ಎಂದು ಹೇಳುತ್ತ, ಪದ್ಧತಿಯ ಪ್ರಕಾರ ಜೇಬಿನಿಂದ ಕೆಂಪು ಪೆನ್ನು ತೆಗೆದರು. ಎಲ್ಲರೂ ನಗುತ್ತಿದ್ದರು. ಡಾಕ್ಟರಮ್ಮನೂ ನಗುತ್ತಿದ್ದರು, ನಗುತ್ತಲೇ ಬಗ್ಗಿ ಕೈಗವಸು ಕಳಚಿ, ತಮ್ಮ ಎರಡೂ ಕೈಗಳನ್ನು ಒಮ್ಮೆ ಅಂಗೈ ಮೇಲಾಗಿ, ಒಮ್ಮೆ ಕೆಳಗಾಗಿ ತಿರುಗಿಸಿ ನೋಡಿಕೊಂಡರು. ಅರೆಗಳಿಗೆ ಅಷ್ಟೇ. ಅವರೂ ನಂಬಿದ್ದರು.

"ನಿಮ್ಮ ಕೈ ಸರಿಯಾಗೇ ಇದೆ," ಎಂದಳು ಅವಳು. ದನಿ ಬೇಕಾದದ್ದಕ್ಕಿಂತ ಜೋರಾಗಿ ಬಂತು. "ತಪ್ಪು ನನ್ನದು."

"ಸೂಜಿಯಕ್ಕ, ಆಮೇಲೆ ಮಾತಾಡೋಣ," ಎಂದರು ಮುಖ್ಯಸ್ಥರು. ಅವರಿಗೆ ಇನ್ನೂ ಏನೂ ಅರ್ಥವಾಗಿರಲಿಲ್ಲ, ವಿನಯ ಎಂದುಕೊಂಡಿದ್ದರು.

"ಆಮೇಲೆ ಅಂದ್ರೆ ನನಗೆ ಆಗಲ್ಲ ಸಾರ್." ಒಂದೇ ಉಸಿರಿಗೆ ಹೇಳಿದಳು. ತನ್ನ ಸೂಜಿ ಓರೆ ಹೋಗುತ್ತದೆ, ಓರೆ ತೂತು ತಾನೇ ಮುಚ್ಚಿಕೊಳ್ಳುತ್ತದೆ, ನೇರ ತೂತನ್ನು ಈ ಹಾಳೆ ತಡೆಯುವುದಿಲ್ಲ, ಇನ್ನೂರ ಹನ್ನೆರಡು ಅಂಕವೂ ಹಾಳೆಯದಲ್ಲ. ಕೊಡೆಯ ಮಾತು ಎತ್ತಲಿಲ್ಲ. ಎತ್ತಿದರೆ ಯಾರಾದರೂ ನಕ್ಕಾರು ಎಂದು ಹೆದರಿದಳು. ಮುಖ್ಯಸ್ಥರು ಕೆಂಪು ಪೆನ್ನಿನ ಟೋಪಿಯನ್ನು ಹಾಕಿದರು, ತೆಗೆದರು, ಮತ್ತೆ ಹಾಕಿದರು.

"ಹಾಗಿದ್ರೆ ನೇರ ಹಾಕಿ ತೋರಿಸಿ," ಎಂದರು ಡಾಕ್ಟರಮ್ಮ. ಈಗ ಅವರ ದನಿಯಲ್ಲಿ ನಗುವಿರಲಿಲ್ಲ, ಸಿಟ್ಟೂ ಇರಲಿಲ್ಲ.

"ನನ್ನ ಕೈ ನೇರ ಹೋಗಲ್ಲ. ಯಾರಾದ್ರೂ ಹಿಡ್ಕೋಬೇಕು," ಎಂದಳು. ಹೇಳುವಾಗ ಕಿವಿಯವರೆಗೆ ಬಿಸಿಯಾಯಿತು. ಹೊಸಬಳು ಬರೆಯುವ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಎದ್ದು ಬಂದಳು. "ನಾನು ಹಿಡ್ಕೋತೀನಿ ಅಕ್ಕ," ಎಂದು ಅವಳ ಮಣಿಕಟ್ಟನ್ನು ಕೆಳಗಿನಿಂದ ಮೆತ್ತಗೆ, ಕಾಯಿಲೆಯವರ ಕೈ ಹಿಡಿಯುವ ಹಾಗೆ ಹಿಡಿದುಕೊಂಡಳು. ಮೊದಲ ಹೊಲಿಗೆಗೇ ಮಣಿಕಟ್ಟು ಹೊರಳಲು ನೋಡಿತು, ಹೊಸಬಳ ಬೆರಳು ಬಿಡಲಿಲ್ಲ. ಸೂಜಿ ನೇರ ಇಳಿಯಿತು. ಹೀಗೂ ಇಳಿಯುತ್ತದಲ್ಲ ಎನಿಸಿತು ಅವಳಿಗೆ. ಎರಡು, ಐದು, ಹತ್ತು. ಮಕ್ಕಳಿಗೆ ಅಕ್ಷರ ತಿದ್ದಿಸುವ ಹಾಗೆ ಇಬ್ಬರ ಕೈಯೂ ಒಟ್ಟಿಗೆ ಹೋಗಿ ಒಟ್ಟಿಗೆ ಬರುತ್ತಿದ್ದವು. ಹದಿನೈದನೆಯ ಹೊಲಿಗೆಯ ಗಂಟು ಬಿಗಿಯುವಾಗ ಡಾಕ್ಟರಮ್ಮ ಕೇಳಿದರು:

"ಇದು ನಿಮಗೆ ಯಾವಾಗ ಗೊತ್ತಾಯ್ತಮ್ಮ?"

ಈಗ ತಾನೇ, ನೀವು ಹೊಲಿದಾಗ, ಎನ್ನಬಹುದಿತ್ತು. ಯಾರೂ ಅನುಮಾನಿಸುತ್ತಿರಲಿಲ್ಲ. ಮುಖ್ಯಸ್ಥರು ತಲೆಯೆತ್ತಿ, ಅದನ್ನೇ ಹೇಳಲಿ ಎಂಬಂತೆ ಅವಳ ಬಾಯನ್ನೇ ನೋಡುತ್ತಿದ್ದರು. ಹಾಗೆ ಹೇಳಿದರೆ ಇಂದಿನ ದಿನ ಅವಳು ಪ್ರಾಮಾಣಿಕ ಹೆಂಗಸಾಗಿಯೇ ಮನೆಗೆ ಹೋಗಬಹುದಿತ್ತು.

"ಮೂರು ವಾರ ಆಯ್ತು," ಎಂದಳು. "ಇವಳು ಆರು ಹೊಲಿದಳಲ್ಲ, ಆವತ್ತೇ ಗೊತ್ತಾಯ್ತು."

ಮಣಿಕಟ್ಟಿನ ಮೇಲಿದ್ದ ಬೆರಳುಗಳು ಸಡಿಲವಾದವು. ಅವಳು ತಲೆಯೆತ್ತಿ ನೋಡಲಿಲ್ಲ, ನೋಡುವ ಧೈರ್ಯವಿರಲಿಲ್ಲ. ಹಿಂದೆ ಯಾರೋ ಕುರ್ಚಿ ಸರಿಸಿದರು. ಇನ್ನು ಈ ಕೈ ಬಿಟ್ಟು ಹೋಗುತ್ತದೆ, ಹೋಗಲಿ, ಹೋಗಬೇಕಾದದ್ದೇ ಎಂದುಕೊಂಡು ಸೂಜಿಯನ್ನು ಹಾಳೆಯ ಮೇಲೆಯೇ ಹಿಡಿದು ಕಾದಳು. ತುಂಬ ಹೊತ್ತಾಯಿತು ಎನಿಸಿತು, ಆಗಿರಲಾರದು. ಆಮೇಲೆ ಆ ಬೆರಳುಗಳೇ ಮತ್ತೆ ಬಿಗಿದವು. ಈ ಸಲ ಮೆತ್ತಗಲ್ಲ. ಬಳೆ ಒತ್ತಿ ಚರ್ಮ ಕೆಂಪಾಗುವಷ್ಟು.

"ಇನ್ನೊಂದು ಬಾಕಿ ಇದೆ. ಹಾಕಿ," ಎಂದಳು ಹೊಸಬಳು. ಅಕ್ಕ ಎನ್ನಲಿಲ್ಲ.

ಅವಳು ಹದಿನಾರನೆಯದನ್ನು ಹಾಕಿದಳು. ತೇಪೆಯನ್ನು ಬಟ್ಟಲಿಗೆ ಬಿಗಿದಳು, ನೀರಿನ ಗುಂಡಿಯನ್ನು ತಾನೇ ತಿರುಗಿಸಿದಳು. ಕೊಳವೆಯಲ್ಲಿ ನೀಲಿ ಹತ್ತು ದಾಟಿತು, ಹದಿನೈದು ದಾಟಿತು. ಒಂದು ಗಳಿಗೆ, ಸೋರದೇ ಇರಲಿ ಎಂಬ ಆಸೆ ಅವಳಿಗೆ ಇನ್ನೂ ಇತ್ತು. ಇಪ್ಪತ್ತೊಂದಕ್ಕೆ ಮೊದಲ ಹನಿ ಬಂತು.

"ಇಪ್ಪತ್ತೊಂದು," ಎಂದು ಓದಿದಳು.

ಹೊಸಬಳು ಕಿವಿಯ ಮೇಲಿನ ಪೆನ್ನು ತೆಗೆದು ಬರೆದುಕೊಂಡಳು.